ಹೆಸರಿನ ತಟ್ಟೆ

ಅಲ್ ಮುರಕ್ಕಬಾತ್, ದುಬೈ
೧೭ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀ? ಮಂಡಿಗೆ ಹಚ್ಚಲಿಕ್ಕೆ ಅಂತ ಕಳಿಸಿದ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಅದೂ ಹೊಸ ಸೀರೆಗಳ ಜೊತೆ ಕಪಾಟು ಸೇರಿತೋ? ಬಿಪಿ ಮಾತ್ರೆ ಬಿಡಬೇಡ. ಇವತ್ತಿನ ಮಾತ್ರೆ ನುಂಗಿರದಿದ್ದರೆ ಈ ಕಾಗದ ಕೆಳಗಿಟ್ಟು ಮೊದಲು ನುಂಗಿ ಬಾ, ಆಮೇಲೆ ಓದು. ಇಷ್ಟು ವರ್ಷ ಆದ ಮೇಲೆ ಇವಳು ಕಾಗದ ಯಾಕೆ ಬರೆದಳು, ಫೋನ್ ಇಲ್ಲವಾ ಅಂತ ಕೇಳಬೇಡ. ಫೋನಿನಲ್ಲಿ ನೀನು ಸ್ಪೀಕರ್ ಹಾಕಿ ಜಗಲಿಯಲ್ಲಿ ಕೂತುಬಿಡುತ್ತೀ, ನಾನು ಇಲ್ಲಿ ಸೀನಿದರೆ ಅಲ್ಲಿ ಇಡೀ ಕಾಲನಿ ಆಯುಷ್ಯ ಹಾರೈಸುತ್ತದೆ. ಈ ಮಾತು ಹಾಗೆ ಆಡುವಂಥದ್ದಲ್ಲ. ಮತ್ತೆ, ಮಧ್ಯದಲ್ಲಿ ಸುಮಿತ್ ಫೋನ್ ಕಿತ್ತುಕೊಂಡು 'ಅಕ್ಕಾ ಸಾಕು ಮಾರಾಯ್ತಿ, ಊರಲ್ಲಿ ಬದುಕುವವರು ನಾವು' ಅನ್ನುತ್ತಾನೆ. ಅವನ ಮೇಲೆ ಸಿಟ್ಟಿಲ್ಲ, ಆದರೆ ಈ ಕಾಗದವನ್ನು ಅವನ ಕೈಗೆ ಕೊಡಬೇಡ, ಅಮ್ಮನ ಕೈಗೇ ಕೊಡು ಅಂತ ಡೊರೊತಿಗೆ ಹೇಳಿದ್ದೇನೆ. ಡೊರೊತಿ ಗೊತ್ತಲ್ಲ, ನನ್ನ ರೂಮಿನವಳು, ಫೋನಿನಲ್ಲಿ ನಿನ್ನ ಹತ್ತಿರ ಕೊಂಕಣಿ ಸೇರಿಸಿ ತುಳು ಮಾತಾಡಿ ನಗಿಸುವವಳು. ಇವತ್ತು ರಾತ್ರಿಯ ವಿಮಾನಕ್ಕೆ ಮಂಗಳೂರಿಗೆ ಹೊರಟಿದ್ದಾಳೆ. ಅವಳಿಗೆ ಬಂಗುಡೆ ಪುಳಿಮುಂಚಿ ಮಾಡಿ ಬಡಿಸು. ನೀನು ಕೂಡಿಸಿ ಕೂಡಿಸಿ ಓದುವವಳು ಅಂತ ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ, ನಿಧಾನಕ್ಕೆ ಓದು.

ಇಲ್ಲಿ ಸೆಖೆ ಇಳಿದಿದೆ. ಸಂಜೆ ಕೆಳಗೆ ನಡೆದುಕೊಂಡು ಹೋಗಬಹುದು, ಸುಟ್ಟ ಮಾಂಸದ ವಾಸನೆ ರಸ್ತೆ ತುಂಬಾ. ಕೆಲಸ ಅದೇ. ಬೆಳಿಗ್ಗೆ ಕಂಪೆನಿ ಬಸ್ಸು, ಜೆಬೆಲ್ ಅಲಿ, ಕಂಪ್ಯೂಟರಿನ ಮುಂದೆ ಕೂತು ಒಡೆದ ಸಾಮಾನಿನ ಫೋಟೋ ನೋಡುವುದು. ನಿನಗೆ ಎಷ್ಟು ಸಲ ಹೇಳಿದರೂ 'ಅದೆಂತ ಕೆಲಸ ಮಗಾ' ಅನ್ನುತ್ತೀಯಲ್ಲ, ಇನ್ನೊಮ್ಮೆ ಹೇಳುತ್ತೇನೆ. ಮಾಲು ತಲುಪುವಾಗ ಒಡೆದಿತ್ತು ಅಂತ ಜನ ಫೋಟೋ, ವಿಡಿಯೋ ಕಳಿಸುತ್ತಾರೆ. ಅದು ದಾರಿಯಲ್ಲಿ ಒಡೆದದ್ದಾ, ಇವರೇ ಮನೆಯಲ್ಲಿ ಬೀಳಿಸಿದ್ದಾ ಅಂತ ನಾನು ಹೇಳಬೇಕು. ಅದಕ್ಕೆ ವಿಡಿಯೋವನ್ನು ನಿಲ್ಲಿಸಿ, ಹಿಂದೆ ಎಳೆದು, ಮೂಲೆ ಮೂಲೆ ನೋಡುವ ಅಭ್ಯಾಸ. ಸಿನೆಮಾ ನೋಡುವಾಗಲೂ ಹಾಗೆ ನಿಲ್ಲಿಸುತ್ತೇನೆ ಅಂತ ಡೊರೊತಿ ನನ್ನ ಪಕ್ಕ ಕೂರುವುದೇ ಇಲ್ಲ.

ಈಗ ಬಂದ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ನೀನು ಫೋನ್ ಮಾಡಿದಾಗ ನಿನ್ನ ಸ್ವರ ಹೇಗಿತ್ತು ಗೊತ್ತುಂಟಾ? ಲಾಟರಿ ಹೊಡೆದವರ ಹಾಗಿತ್ತು. 'ಧರ್ಮಪಾಲಣ್ಣ ಮನೆಗೆ ಬಂದಿದ್ದರು ಮಗಾ. ಕೂತರು. ಕುಡಿದು ಹೋದರು. ಇನ್ನೆಂತ ಬೇಕು ನಮಗೆ, ಸಾಕು, ಮುಗಿಸುವ' ಅಂದೆ. ಶಾಲೆಯ ಸಂಚಾಲಕ ಧರ್ಮಪಾಲ, ನಮ್ಮ ಕಾಲನಿಯ ದಾರಿಯಲ್ಲಿ ಕಾರಿನ ಗಾಜು ಸಹ ಇಳಿಸದವರು, ನಮ್ಮ ಮನೆಯ ಕುರ್ಚಿಯಲ್ಲಿ ಕೂತು ನೀನು ಕೊಟ್ಟ ಬೆಲ್ಲ ನೀರು ಕುಡಿದರು! ಬಾಗಿಲಿಗೆ ಬಂದ ಯಾರಿಗೇ ಆದರೂ ಮೊದಲು ಬೆಲ್ಲ, ನೀರು ಇಡದಿದ್ದರೆ ನಿನಗೆ ಸಮಾಧಾನ ಇಲ್ಲ, ಅದು ನನಗೆ ಗೊತ್ತು. ಓಟು ಕೇಳಲಿಕ್ಕೆ ಬರುವ ದೊಡ್ಡವರ ಮುಂದೆಯೂ ಇಡುತ್ತಿದ್ದಿ. ಅವರು ಅದರ ಕಡೆ ನೋಡದೆ, ಬಿಸಿಲಿಗೆ ಒಂದು ಬೊಂಡ ಇದ್ದರೆ ಕೊಡಿ ಅಕ್ಕಾ ಅನ್ನುತ್ತಿದ್ದರು, ಮರದಿಂದ ಇಳಿಸಿದ ಎಳನೀರಿಗಾದರೆ ನಮ್ಮ ಲೋಟ ಮುಟ್ಟುವ ಹಂಗಿಲ್ಲವಲ್ಲ. ಅವರು ಹೋದ ಮೇಲೆ ನೀನು ಆ ಬೆಲ್ಲದ ತುಂಡನ್ನು ನನ್ನ ಬಾಯಿಗೆ ಹಾಕಿ 'ನಮ್ಮದು ನಮಗೇ' ಅಂತ ನಗಾಡುತ್ತಿದ್ದಿ. ಅಂಥ ನೀನು ಆ ದಿನ ಫೋನಿನಲ್ಲಿ ಅಳುವ ಹಾಗಾದಿ. ಹಾಗಾಗಿ ಒಂದು ಗಳಿಗೆ ನಾನೂ ಕರಗಿದೆ ಅಮ್ಮಾ, ಸುಳ್ಳು ಯಾಕೆ ಹೇಳಲಿ. ಆಮೇಲೆ, ಅವರು ಒಂದು ಕಾಗದ ಕೊಟ್ಟು ಹೋಗಿದ್ದಾರೆ, ನಾನು ಸಹಿ ಮಾಡಬೇಕಂತೆ, ನಿನ್ನದೂ ಬೇಕಂತೆ ಅಂದೆಯಲ್ಲ, ಅಲ್ಲಿಗೆ ಕರಗಿದ್ದೆಲ್ಲ ಪುನಃ ಗಟ್ಟಿಯಾಯಿತು.

ಯಾಕೆ ಅಂತ ನಿನಗೇ ಗೊತ್ತುಂಟು, ಆದರೂ ನೆನಪು ಮಾಡುತ್ತೇನೆ, ಯಾಕೆಂದರೆ ನೀನು ಒಳ್ಳೆಯವಳು, ಬೇಗ ಮರೆಯುತ್ತೀ. ನಾನು ಹಾಗಲ್ಲ. ಮೇಲಿನ ಕಟ್ಟಡದಲ್ಲಿ ಊರವರ ಮಕ್ಕಳು, ಕೆಳಗೆ ಹಂಚು ರಾಶಿ ಹಾಕುತ್ತಿದ್ದ ಶೆಡ್ಡಿನಲ್ಲಿ ನಾವು ಕಾಲನಿ ಮಕ್ಕಳು. ಒಂದೇ ಶಾಲೆಯ ಹೆಸರು, ಒಂದೇ ಸಮವಸ್ತ್ರ. ಕೇಳಿದರೆ ಜಾಗ ಸಾಲುವುದಿಲ್ಲ ಅನ್ನುತ್ತಿದ್ದರು. ಮೇಷ್ಟ್ರು ಮೇಲಿನ ಪಾಠ ಮುಗಿಸಿ ಹೊತ್ತು ಉಳಿದರೆ ಕೆಳಗೆ ಇಳಿದು ಬರುತ್ತಿದ್ದರು, ಇಳಿಯದ ದಿನ ನಾವು ಅಂಗಳ ಗುಡಿಸುತ್ತಿದ್ದೆವು. ಮಧ್ಯಾಹ್ನ ಮೇಲಿನವರಿಗೆ ಶಾಲೆಯ ತಟ್ಟೆ, ನಾವು ಮನೆಯಿಂದ ತಟ್ಟೆ ತರಬೇಕು. ನಾಲ್ಕನೇ ಕ್ಲಾಸಿನಲ್ಲಿ ಸಿಟ್ಟು ಬಂದು ನನ್ನ ಅಲ್ಯುಮಿನಿಯಂ ತಟ್ಟೆಯನ್ನು ಶೆಡ್ಡಿನ ಕಲ್ಲಿಗೆ ಬಡಿದದ್ದು, ಅಂಚು ಸೀಳಿ ಹೋದದ್ದು, ನೀನು ಬೈಯದೆ ಆ ಸೀಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಾ ಕೂತದ್ದು, ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಮರುದಿನವೇ ಅಲ್ಲವಾ ನೀನು ಬೀಡಿ ಗೆರಸೆ ಬದಿಗಿಟ್ಟು ಮಂಗಳೂರಿಗೆ ಹೋಗಿ ಎಲ್ಸಿ ವಕೀಲರ ಬಾಗಿಲು ತಟ್ಟಿದ್ದು? ಅರ್ಜಿಯಲ್ಲಿ ನಿನ್ನ ಹೆಸರು ಲೋಲಾಕ್ಷಿ, ಕೆಳಗೆ ನನ್ನ ಹೆಸರು ದೀಕ್ಷಿತಾ, ಅಪ್ರಾಪ್ತೆ. ಆ ಶಬ್ದದ ಅರ್ಥ ಗೊತ್ತಿಲ್ಲದೆ ಅದು ಏನೋ ಬಿರುದು ಅಂತ ನಾನು ಕಾಲನಿ ಇಡೀ ಹೇಳಿಕೊಂಡು ಬಂದಿದ್ದೆ.

ಅದಕ್ಕೆ ನೀನು ಕೊಟ್ಟದ್ದು ಕಡಿಮೆಯಾ? ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ನಿನ್ನ ಕಟ್ಟುಗಳನ್ನೇ ಹುಡುಕಿ ಬಿಚ್ಚಿ, ಸರಿ ಇಲ್ಲ ಅಂತ ಬಿಸಾಡಿದರು. ಬ್ರಾಂಚಿನವರು ಧರ್ಮಪಾಲರ ಭಾವ, ಮತ್ತೆ ಹೇಳಬೇಕಾ. ಅಪ್ಪನನ್ನು ತೋಟದ ಕೆಲಸಕ್ಕೆ ಯಾರೂ ಕರೆಯಲಿಲ್ಲ. ಬಾವಿಕಟ್ಟೆಯಲ್ಲಿ ನಿನಗೆ 'ಕೋರ್ಟು ರಾಣಿ' ಅಂತ ಹೆಸರು ಬಿತ್ತು. ಆದರೂ ನೀನು ಹಿಂದೆ ಸರಿಯಲಿಲ್ಲ, ಇದ್ದ ಒಂದೇ ಒಳ್ಳೆ ಸೀರೆ ಉಟ್ಟು ಬೆಂಗಳೂರಿಗೆ ಹೋಗಿ ಹೈಕೋರ್ಟಿನ ಬೆಂಚಿನಲ್ಲಿ ಕೂತಿ. ಶೆಡ್ಡು ಮುಚ್ಚಬೇಕು, ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಒಂದೇ ಸಾಲಿನಲ್ಲಿ ಅಂತ ಆದೇಶ ಆಯಿತು. ಆದೇಶ ಕೊಟ್ಟು ಬಿಟ್ಟುಬಿಡಲಿಲ್ಲ, ಬೇರೆ ಮಾಡಿದ ಕುರುಹು ಸಹ ಉಳಿಯದ ತನಕ ನಮ್ಮ ಕಣ್ಣು ಇರುತ್ತದೆ ಅಂತ ಹೇಳಿ ಒಂದು ಉಸ್ತುವಾರಿ ಸಮಿತಿ ಮಾಡಿದರು. ಸಮಿತಿಯವರು ವರ್ಷಕ್ಕೊಮ್ಮೆ ಬರುವುದು, ನೋಡುವುದು, ಕೋರ್ಟಿಗೆ ವರದಿ ಕೊಡುವುದು. ಶಾಲೆಯಲ್ಲಿ ಹೊಸ ವಿಭಾಗ ಮಾಡಬೇಕಾದರೂ ಅವರ ಒಪ್ಪಿಗೆ ಬೇಕು. ನಾನು ಐದನೇ ಕ್ಲಾಸಿಗೆ ಮೇಲಿನ ಕಟ್ಟಡದ ಮೆಟ್ಟಿಲು ಹತ್ತಿದ ದಿನ ನನ್ನ ಪಕ್ಕದವಳು ಬೆಂಚಿನ ತುದಿಗೆ ಸರಿದಳು, ಸರಿಯುತ್ತಾ ಸರಿಯುತ್ತಾ ಧೊಪ್ಪ ಅಂತ ಕೆಳಗೆ ಬಿದ್ದಳು. ಆ ನಗು ನನಗೆ ಈಗಲೂ ಬರುತ್ತದೆ.

ಈಗ ಧರ್ಮಪಾಲರಿಗೆ ಆ ಕಣ್ಣು ಮುಚ್ಚಬೇಕು. ಎಲ್ಲ ಸರಿಯಾಗಿದೆ, ಉಸ್ತುವಾರಿ ನಿಲ್ಲಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಿದ್ದಾರೆ. ಕೋರ್ಟಿನವರು ಕೇಳುವುದು ನ್ಯಾಯವೇ, ಅರ್ಜಿ ಹಾಕಿದ ತಾಯಿ ಮಗಳಿಗೆ ತಕರಾರು ಉಂಟಾ ಅಂತ. ತಕರಾರಿಲ್ಲ ಅಂತ ಬರೆಸಿಕೊಳ್ಳಲಿಕ್ಕೆ ಈ ಓಡಾಟ, ಈ ಕುರ್ಚಿ, ಈ ಕುಡಿಯುವುದು. ನಾನು ಎಲ್ಸಿ ವಕೀಲರಿಗೆ ಫೋನ್ ಮಾಡಿದೆ. ಪಾಪ, ಸ್ವರ ನಡುಗುತ್ತದೆ, ಆದರೆ ತಲೆ ಈಗಲೂ ಕತ್ತರಿ. ಅವರು ಹೇಳಿದರು, 'ಕೋರ್ಟು ಯಾವ ಶಾಲೆಯ ಬಾಗಿಲಲ್ಲೂ ಕೊನೆತನಕ ನಿಲ್ಲುವುದಿಲ್ಲ ದೀಕ್ಷಿತಾ, ನಿಲ್ಲಲೂಬಾರದು. ಸರಿಯಾದರೆ ಬಿಟ್ಟು ಹೋಗಲೇಬೇಕು. ಆದರೆ ಸರಿಯಾಯಿತಾ ಅಂತ ನೋಡುವುದು ನಿಮ್ಮ ಕೆಲಸ. ಈಗ ಏನಾದರೂ ಕಂಡರೆ ಸಮಿತಿಗೆ ಒಂದು ಮಾತು ಹೇಳಿದರೆ ಸಾಕು. ಮುಚ್ಚಿದ ಮೇಲೆ ಕಂಡರೆ ಹೊಸ ಕೇಸು, ಮೊದಲಿನಿಂದ. ನಿಮ್ಮ ಅಮ್ಮನಿಗೆ ಇನ್ನೊಮ್ಮೆ ಆಗುವುದಿಲ್ಲ, ನನಗಂತೂ ಆಗುವುದೇ ಇಲ್ಲ.' ಸರಿಯಾಗಿದ್ದರೆ ನಾನು ಸಹಿ ಹಾಕಿಯೇ ಹಾಕುತ್ತಿದ್ದೆ ಅಮ್ಮಾ, ಹಲ್ಲು ಕಚ್ಚಿಕೊಂಡಾದರೂ ಹಾಕುತ್ತಿದ್ದೆ.

ಆದರೆ ಅಷ್ಟರಲ್ಲಿ ಧರ್ಮಪಾಲರೇ ನನಗೆ ಒಂದು ವಿಡಿಯೋ ಕಳಿಸಿದರು. ನನಗೆ ಮಾತ್ರ ಅಲ್ಲ, ಇಲ್ಲಿಯ ಹಳೆ ವಿದ್ಯಾರ್ಥಿಗಳ ಗ್ರೂಪಿಗೆಲ್ಲ. ಶಾಲೆಯ ಮಕ್ಕಳಿಗೆ ಇಲ್ಲಿಯವರು ಸ್ಟೀಲ್ ತಟ್ಟೆ ಕೊಡಿಸಿದ್ದು ನಿನಗೆ ಗೊತ್ತಲ್ಲ? ಮುಂದೆ ನಿಂತು ಮಾಡಿಸಿದ್ದು ನಮ್ಮೂರಿನ ಉಮ್ಮರಬ್ಬಣ್ಣ, ಇಲ್ಲೇ ದೇರಾದಲ್ಲಿ ಕೆಫೆಟೇರಿಯಾ ಇಟ್ಟವರು. ನಮ್ಮ ಜನರ ಅಭ್ಯಾಸ ಹೇಗೆ, ಒಂದು ಸೌಟು ಕೊಟ್ಟರೂ ಅದರ ಹಿಡಿಯ ಮೇಲೆ ಹೆಸರು ಕೆತ್ತಿಸಬೇಕು. ಪ್ರತಿ ತಟ್ಟೆಯ ಅಂಚಿನಲ್ಲೂ ಕೊಟ್ಟವರ ಹೆಸರು, ಊರು, 'ದುಬೈ'. ಹಾಗೆ ಕೆತ್ತಿಸಿದ ಮೇಲೆ ಹೆಸರು ಕಾಣದಿದ್ದರೆ ಇವರಿಗೆ ನಿದ್ದೆ ಬರುತ್ತದಾ? ಅದಕ್ಕೆ ಧರ್ಮಪಾಲರು ಕ್ಯಾಮೆರಾದವನಿಗೆ ಹೇಳಿ ಮಕ್ಕಳು ಊಟಕ್ಕೆ ಕೂತ ಸಾಲಿನಲ್ಲಿ ತಟ್ಟೆ ತಟ್ಟೆಗೂ ನಿಲ್ಲಿಸಿ, ಹೆಸರು ಓದುವ ಹಾಗೆ ತೆಗೆಸಿದ್ದಾರೆ. ಹಿಂದಿನಿಂದ ನಾದಸ್ವರ ಬೇರೆ. ಗ್ರೂಪಿನಲ್ಲಿ ಎಲ್ಲರೂ ಅವರವರ ತಟ್ಟೆ ಹುಡುಕಿ ಕೈಮುಗಿಯುವ ಚಿತ್ರ ಹಾಕಿದ್ದೇ ಹಾಕಿದ್ದು. ಕೊನೆಗೆ, ಮುಗಿಯುವ ಹೊತ್ತಿಗೆ, ಬದಿಯ ಜಗಲಿಯಿಂದ ಒಂದು ಮಗು ಓಡಿ ಬಂದು ಕ್ಯಾಮೆರಾಕ್ಕೆ ಕೈ ಬೀಸಿ 'ಹಾಯ್ ಅತ್ತೇ' ಅನ್ನುತ್ತದೆ. ನಮ್ಮ ಸುಮಿತ್‌ನ ಅಶ್ಮಿತಾ! ವಿಡಿಯೋ ದುಬೈಗೆ ಹೋಗುತ್ತದೆ ಅಂದರೆ ಅತ್ತೆಗೇ ಹೋಗುತ್ತದೆ ಅಂತ ನಮ್ಮ ಎರಡನೇ ಕ್ಲಾಸಿನ ಚಿನ್ನಕ್ಕೆ ಲೆಕ್ಕ. ಕಾಲನಿ ಮಗು ನಗುತ್ತಾ ಕಾಣುವುದು ಕೋರ್ಟಿಗೂ ಒಳ್ಳೆಯದು ಅಂತ ಅವರೇ ಅದನ್ನು ಉಳಿಸಿರಬೇಕು. ನೋಡಿ ನನಗೆ ಕಣ್ಣು ತುಂಬಿತು. ಇನ್ನೊಮ್ಮೆ ನೋಡಿದೆ. ಆಮೇಲೆ ಅಭ್ಯಾಸಬಲ, ನಿಲ್ಲಿಸಿ ನೋಡಿದೆ.

ಅವಳ ಕೈಯಲ್ಲಿ ಇದ್ದದ್ದು ನನ್ನ ತಟ್ಟೆ. ಅದೇ ಅಲ್ಯುಮಿನಿಯಂ, ಅಂಚಿನಲ್ಲಿ ಅದೇ ಸೀಳು. ಅವಳ ಹಿಂದೆ ಜಗಲಿಯಲ್ಲಿ ಕೂತ ಮಕ್ಕಳ ಮುಂದೆಯೂ ಬಣ್ಣ ಹೋದ, ಜಜ್ಜಿದ, ಒಂದಕ್ಕೊಂದು ಸಂಬಂಧ ಇಲ್ಲದ ಮನೆಯ ತಟ್ಟೆಗಳು. ಒಂದರಲ್ಲೂ ಹೆಸರಿಲ್ಲ. ಒಳಗೆ ಊಟದ ಹಾಲಿನಲ್ಲಿ ಹೆಸರಿನ ತಟ್ಟೆಗಳ ಫಳಫಳ ಸಾಲು. ನಿನಗೆ ಫೋನ್ ಮಾಡಿದೆ, ನೀನು ಬ್ರಾಂಚಿಗೆ ಹೋಗಿದ್ದಿ, ಅವಳೇ ತೆಗೆದಳು. ಪುಟ್ಟಾ, ನಿನಗೆ ಹೊಸ ತಟ್ಟೆ ಇಲ್ಲವಾ ಅಂತ ಕೇಳಿದೆ. ಸೋಮವಾರ ಬಿಳಿ ಶೂ, ಶನಿವಾರ ಬಣ್ಣದ ಅಂಗಿ ಅಂತ ಹೇಳುವ ಹಾಗೆಯೇ ಹೇಳಿತು ಮಗು, 'ಹೆಸರಿನ ತಟ್ಟೆ ನಮಗಲ್ಲ ಅತ್ತೆ, ದೊಡ್ಡವರು ನೋಡಲಿಕ್ಕೆ ಬರುವ ದಿನ ಮಾತ್ರ ನಮಗೆ. ಆ ದಿನ ಒಳಗೆ ಕೂರಬಹುದು.' ದೊಡ್ಡವರು ಅಂದರೆ ಸಮಿತಿಯವರು! ಬರುವ ಮುಂಚೆ ಫೋನ್ ಮಾಡಿ ಬರುತ್ತಾರಲ್ಲ ಪುಣ್ಯಾತ್ಮರು, ಇವರಿಗೆ ನಾಟಕ ಕಟ್ಟಲಿಕ್ಕೆ ಅಷ್ಟು ಸಾಕು. ನಿನಗೆ ಇದು ಗೊತ್ತಿತ್ತಾ ಅಂತ ನಾನು ಕೇಳುವುದಿಲ್ಲ. ಸುಮಿತ್‌ಗೆ ಗೊತ್ತಿತ್ತು, ಅವನೇ ಬೆಳಿಗ್ಗೆ ಆ ತಟ್ಟೆ ತೊಳೆದು ಬ್ಯಾಗಿಗೆ ಹಾಕುವವನು.

ಅಲ್ಲಿಂದ ನಾನು ಧರ್ಮಪಾಲರ ಹತ್ತಿರ ಸಕ್ಕರೆ ಆದೆ. ಧರ್ಮಪಾಲರು ದುಬೈಗೆ ಬರುವವರಿದ್ದರು, ಹಳೆ ವಿದ್ಯಾರ್ಥಿಗಳ ಸ್ನೇಹಕೂಟಕ್ಕೆ, ಇಂಗ್ಲಿಷ್ ಮೀಡಿಯಂನ ಹೊಸ ಕಟ್ಟಡದ ಚಿತ್ರ ತೋರಿಸಿ ದುಡ್ಡು ಎತ್ತಲಿಕ್ಕೆ. ನನಗೆ ಫೋನ್ ಮಾಡಿ ಮಗಾ, ಪುಟ್ಟಾ ಅಂತ ಬೆಣ್ಣೆ ಹಚ್ಚಿದರು. ನಿನಗೆ ವೇದಿಕೆಯಲ್ಲಿ ಸನ್ಮಾನ ಇಟ್ಟಿದ್ದೇವೆ, ಸಹಿಗೆ ಮುದ್ರೆ ಹಾಕಿಸಲಿಕ್ಕೆ ಮರುದಿನ ಬೆಳಿಗ್ಗೆ ಕಾನ್ಸುಲೇಟಿನಲ್ಲಿ ನಿನ್ನ ಹೆಸರಲ್ಲಿ ಅಪಾಯಿಂಟ್‌ಮೆಂಟ್ ಮಾಡಿಸಿದ್ದೇವೆ, ಒಂದು ಸಹಿ, ಖಲಾಸ್ ಅಂದರು. ಇಲ್ಲಿಗೆ ಬರುವ ಮೊದಲೇ ಖಲಾಸ್ ಕಲಿತಿದ್ದಾರೆ! ನಾನು ಸಹಿ ಹಾಕುತ್ತೇನೆ ಅಂತ ಎಲ್ಲಿಯೂ ಹೇಳಲಿಲ್ಲ. 'ಬನ್ನಿ ಅಣ್ಣಾ, ಎಲ್ಲ ಚಂದ ಮಾಡುವ' ಅಂದೆ. ಸಂಘಟಕರಿಗೆ ಹೇಳಿ ಸನ್ಮಾನದ ನಂತರ ಆ ತಟ್ಟೆಯ ವಿಡಿಯೋವನ್ನು ದೊಡ್ಡ ಪರದೆಯಲ್ಲಿ ಹಾಕುವ ಕೆಲಸ ನಾನೇ ವಹಿಸಿಕೊಂಡೆ. ಎಂಥ ಒಳ್ಳೆ ಹುಡುಗಿ ಅಂತ ಹೊಗಳಿದರು.

ನಿನ್ನೆ ಇಲ್ಲೇ ನಮ್ಮ ಬೀದಿಯ ಹೋಟೆಲ್ ಹಾಲಿನಲ್ಲಿ ಕಾರ್ಯಕ್ರಮ. ಅಬುಧಾಬಿಯಿಂದೆಲ್ಲ ಬಂದಿದ್ದರು. ಹೆಂಗಸರ ಮಲ್ಲಿಗೆ, ಮಕ್ಕಳ ಇಂಗ್ಲಿಷು, ಹಿಂದೆ ಬಿರಿಯಾನಿಯ ಪರಿಮಳ. ಧರ್ಮಪಾಲರು ಭಾಷಣದಲ್ಲಿ ನಮ್ಮ ಶಾಲೆಯಲ್ಲಿ ಮೇಲು ಕೀಳು ಅನ್ನುವುದು ಇತಿಹಾಸ ಅಂದರು, ಇದೋ ಇವಳೇ ಸಾಕ್ಷಿ ಅಂತ ನನ್ನ ಕಡೆ ಕೈ ತೋರಿಸಿದರು, ಶಾಲು ಹೊದೆಸಿದರು. ಹೊದೆಸುವಾಗ ಬೆರಳು ನನ್ನ ಭುಜಕ್ಕೆ ತಾಗದ ಹಾಗೆ ಶಾಲಿನ ತುದಿ ಹಿಡಿದು ಮೇಲಿನಿಂದ ಬಿಟ್ಟರು. ನಾನು ಹಲ್ಲು ಬಿಟ್ಟು ಫೋಟೋಕ್ಕೆ ನಿಂತೆ. ಆಮೇಲೆ ಮೈಕು ತೆಗೆದುಕೊಂಡು, ಅಣ್ಣಂದಿರೇ ಅಕ್ಕಂದಿರೇ, ಊಟಕ್ಕೆ ಮುಂಚೆ ಒಂದು ಆಟ ಆಡುವ, ಎಲ್ಲರೂ ನಿಮ್ಮ ನಿಮ್ಮ ಹೆಸರಿನ ತಟ್ಟೆ ಎಲ್ಲಿದೆ ಅಂತ ಹುಡುಕಿ, ಕಂಡವರು ಕೈ ಎತ್ತಿ ಅಂದೆ. ಅಯ್ಯೋ ಅವರ ಸಂಭ್ರಮ ನೋಡಬೇಕಿತ್ತು ನೀನು! ಚಿಕ್ಕ ಮಕ್ಕಳ ಹಾಗೆ ಎದ್ದು ನಿಂತು, ಅದೋ ನಂದು, ನಿಲ್ಲಿಸಿ ನಿಲ್ಲಿಸಿ ಅಂತ ಕೂಗಾಟ. ಒಬ್ಬರಿಗೆ ಅವರ ಹೆಸರಿನ ಮೇಲೆ ಸಾಂಬಾರು ಬಿದ್ದಿದೆ ಅಂತ ಬೇಜಾರು. ಧರ್ಮಪಾಲರೂ ಚಪ್ಪಾಳೆ ತಟ್ಟುತ್ತಿದ್ದರು. ಕೊನೆಗೆ ಅಶ್ಮಿತಾ ಓಡಿ ಬಂದಳು, ಕೈ ಬೀಸಿದಳು, ನಾನು ಅಲ್ಲಿಗೆ ನಿಲ್ಲಿಸಿದೆ. ಇಡೀ ಗೋಡೆಯಷ್ಟು ದೊಡ್ಡದಾಗಿ ನಮ್ಮ ಮಗು, ಕೈಯಲ್ಲಿ ಆ ತಟ್ಟೆ. ಇದು ನನ್ನ ತಮ್ಮನ ಮಗಳು, ಇವಳ ತಟ್ಟೆಯಲ್ಲಿ ಯಾರ ಹೆಸರು ಉಂಟು ಅಂತ ಕೇಳಿದೆ. ಹಿಂದಿನ ಮಕ್ಕಳ ತಟ್ಟೆಯಲ್ಲಿ ಯಾರ ಹೆಸರು ಅಂತ ಕೇಳಿದೆ. ಎಲ್ಲರ ಕಣ್ಣೂ ಜಗಲಿಗೆ ಹೋಯಿತು, ಒಂದೊಂದೇ ತಟ್ಟೆ ನೋಡಿತು, ಆಮೇಲೆ ಧರ್ಮಪಾಲರ ಕಡೆ ತಿರುಗಿತು.

ಮೊದಲು ಎದ್ದು ನಿಂತವರು ಉಮ್ಮರಬ್ಬಣ್ಣ. ಅವರು ಕೂಗಾಡಲಿಲ್ಲ. 'ಧರ್ಮಪಾಲಣ್ಣ, ನಾವು ಕೊಟ್ಟದ್ದು ಎಲ್ಲ ಮಕ್ಕಳಿಗೆ ಅಲ್ವಾ?' ಅಂದರು. ತಟ್ಟೆ ಸಾಲಲಿಲ್ಲ ಅಂದರು ಧರ್ಮಪಾಲರು. ಹೆಚ್ಚೇ ಕೊಟ್ಟದ್ದಲ್ಲವಾ, ಉಳಿದದ್ದು ಕಪಾಟಿನಲ್ಲಿ ಉಂಟು ಅಂತ ನೀವೇ ಫೋಟೋ ಕಳಿಸಿದ್ದಿರಲ್ಲ ಅಂದರು ಅವರು. ಆ ಮಕ್ಕಳಿಗೆ ಮನೆಯ ತಟ್ಟೆಯೇ ಇಷ್ಟ, ಅವರ ಹಿರಿಯರೇ ಹಾಗೆ ಹೇಳಿದ್ದು ಅಂದರು ಇವರು. ಒಂದೇ ಉಸಿರಿನಲ್ಲಿ ಎರಡು ಕಾರಣ! ನಾನು ಕೆಲಸದಲ್ಲಿ ದಿನಾ ಕೇಳುವುದು ಇದನ್ನೇ, ಒಡೆದಿರಲಿಲ್ಲ, ಒಡೆದಿದ್ದರೂ ನಾವಲ್ಲ ಅಂತ. ಮುಖ ಹುಳ್ಳಗೆ ಮಾಡಿಕೊಂಡು ಕೈವಸ್ತ್ರದಲ್ಲಿ ಒರೆಸಿದ್ದೇ ಒರೆಸಿದ್ದು. ಎಲ್ಲರೂ ನನ್ನ ಪಾರ್ಟಿ ಅಂತ ತಿಳಿಯಬೇಡ. ಊಟದ ಹೊತ್ತಿಗೆ ಇದೆಲ್ಲ ಬೇಕಿತ್ತಾ ಅಂತ ಗೊಣಗಿದವರು ಉಂಟು, ನನ್ನ ಪಕ್ಕದ ಕುರ್ಚಿ ಖಾಲಿ ಮಾಡಿದವರು ಉಂಟು. ಆದರೆ ಹೊಸ ಕಟ್ಟಡದ ಚಿತ್ರ ಯಾರೂ ಬಿಡಿಸಿ ಸಹ ನೋಡಲಿಲ್ಲ. ಧರ್ಮಪಾಲರು ಒಂಟಿಯಾಗಿ ಬಿರಿಯಾನಿ ಕಲೆಸುತ್ತಾ ಕೂತಿದ್ದರು, ಒಂದು ತುತ್ತು ಬಾಯಿಗೆ ಹೋಗಲಿಲ್ಲ. ನಾನು ಎದುರಿನ ಟೇಬಲ್ಲಿನಲ್ಲಿ ಕೂತು ಎರಡು ಸಲ ಹಾಕಿಸಿಕೊಂಡು ಉಂಡೆ. ಹೊರಡುವಾಗ ನನ್ನ ಹತ್ತಿರ ಬಂದು 'ನಿನ್ನ ಅಮ್ಮನ ಮುಖ ನೋಡಿ ನಾನು ಸುಮ್ಮನಿದ್ದೇನೆ' ಅಂದರು. ಅಮ್ಮನ ಮುಖವನ್ನು ನೀವು ಈಗ ನೋಡಿದ್ದು, ನಾನು ಹುಟ್ಟಿದಂದಿನಿಂದ ನೋಡಿದ್ದೇನೆ ಅಂದೆ. ಹೊಟ್ಟೆ ತಣ್ಣಗಾಯಿತು ಅಮ್ಮಾ. ಹಗೆ ಒಳ್ಳೆಯದಲ್ಲ ಮಗಾ ಅಂತ ನೀನು ಹೇಳುತ್ತೀ, ಗೊತ್ತು. ನನಗೆ ಬಹಳ ಒಳ್ಳೆಯದೇ ಅನ್ನಿಸಿತು.

ಇವತ್ತು ರಜೆ ಹಾಕಿ ಕಾನ್ಸುಲೇಟಿಗೆ ಹೋದೆ. ಅವರೇ ಕಾಯ್ದಿರಿಸಿದ ಅಪಾಯಿಂಟ್‌ಮೆಂಟು, ಸುಮ್ಮನೆ ಹಾಳು ಮಾಡಬಾರದಲ್ಲ. ಎಲ್ಸಿ ವಕೀಲರು ಬರೆದು ಕಳಿಸಿದ ತಕರಾರು ಅರ್ಜಿಗೆ ಅಲ್ಲೇ ಸಹಿ ಹಾಕಿ, ಮುದ್ರೆ ಹಾಕಿಸಿ ಬಂದೆ. ಮೂಲಪ್ರತಿ ಈ ಕಾಗದದ ಜೊತೆ ಉಂಟು, ಡೊರೊತಿ ಅದನ್ನು ವಕೀಲರಿಗೆ ತಲುಪಿಸುತ್ತಾಳೆ. ವಿಡಿಯೋ ಆಗಲೇ ಅವರ ಹತ್ತಿರ ಹೋಗಿದೆ. ಉಮ್ಮರಬ್ಬಣ್ಣನೂ ಬರೆದುಕೊಡುತ್ತಾರಂತೆ. ಇನ್ನು ಉಳಿದದ್ದು ನೀನು. ವಕೀಲರು ಸ್ಪಷ್ಟ ಹೇಳಿದ್ದಾರೆ, ಮೊದಲ ಹೆಸರು ನಿನ್ನದು. ಊರಲ್ಲೇ ಇರುವ ತಾಯಿಗೆ ತಕರಾರಿಲ್ಲ, ದುಬೈಯಲ್ಲಿ ಕೂತ ಮಗಳಿಗೆ ಎಂತ ಗೊತ್ತು ಅಂತ ಅವರ ಕಡೆಯವರು ವಾದಿಸುತ್ತಾರೆ. ನೀನು ಆ ಕಾಗದಕ್ಕೆ ಸಹಿ ಹಾಕಿದರೆ ನನ್ನದು, ಉಮ್ಮರಬ್ಬಣ್ಣನದು, ಎಲ್ಲ ನೀರಿನಲ್ಲಿ ಹೋಮ. ಜೂನಿಗೆ ಹೊಸ ಕಟ್ಟಡ ಏಳುತ್ತದೆ, ಫೀಸು ಕೊಡುವವರ ಮಕ್ಕಳು ಅಲ್ಲಿಗೆ, ನಮ್ಮ ಮಗು ಹಳೆಯದರಲ್ಲಿ. ಆಗ 'ದೊಡ್ಡವರು ಬರುವ ದಿನ' ಅನ್ನುವುದೂ ಇರುವುದಿಲ್ಲ. ನಾಳಿದ್ದು ಅವರು ಊರಿಗೆ ಬಂದವರೇ ನಿನ್ನ ಬಾಗಿಲಿಗೇ ಬರುತ್ತಾರೆ, ನನ್ನ ಮೇಲೆ ದೂರು ಹೇಳುತ್ತಾರೆ, ಕಣ್ಣೀರೂ ಹಾಕಿಯಾರು. ನೀನು ಕರಗುತ್ತೀ ಅನ್ನುವುದೊಂದೇ ನನಗೆ ಹೆದರಿಕೆ. ಅಶ್ಮಿತಾ ನಿದ್ದೆ ಮಾಡುವಾಗ ಒಮ್ಮೆ ಆ ತಟ್ಟೆ ಕೈಗೆ ತೆಗೆದುಕೊಂಡು ಸೀಳು ಮುಟ್ಟಿ ನೋಡು. ಅಷ್ಟು ಮಾಡಿದರೆ ಸಾಕು.

ಸುಮಿತ್‌ಗೆ ಬೈದಿದ್ದೇನೆ ಅಂತ ಹೇಳು, ಪ್ರೀತಿಯಿಂದ ಅಂತಲೂ ಹೇಳು. ಅಶ್ಮಿತಾಳಿಗೆ ಚಾಕಲೇಟು, ನಿನಗೆ ಖರ್ಜೂರ, ಮಂಡಿಗೆ ಇನ್ನೊಂದು ಎಣ್ಣೆ ಇಟ್ಟಿದ್ದೇನೆ, ಇದನ್ನಾದರೂ ಹಚ್ಚು. ಅಪ್ಪನ ಫೋಟೋಕ್ಕೆ ನನ್ನ ಲೆಕ್ಕದ ಒಂದು ಹೂ ಇಡು. ನಿನ್ನ ಕಾಲು ಮುಟ್ಟಿದೆ ಅಂತ ತಿಳಿದುಕೋ. ಸಿಟ್ಟಿಗೂ ಸೇರಿಸಿ ಆಶೀರ್ವಾದ ಮಾಡು.

ನಿನ್ನ ಮಗಳು,
ದೀಕ್ಷಿತಾ
(ಈಗ ಪ್ರಾಪ್ತೆ)

ತಾ.ಕ.: ಅಮ್ಮಾ, ಅಂಟಿಸಿದ ಲಕೋಟೆ ಪುನಃ ಬಿಚ್ಚಿದ್ದೇನೆ. ಡೊರೊತಿ ಲಿಫ್ಟಿನ ಹತ್ತಿರ ಪೆಟ್ಟಿಗೆ ಹಿಡಿದುಕೊಂಡು ಯಲ್ಲಾ ಯಲ್ಲಾ, ಬೇಗ ಬೇಗ ಅಂತ ಬೊಬ್ಬೆ ಹೊಡೆಯುತ್ತಿದ್ದಾಳೆ. ಅವಳು ಬರುವುದನ್ನು ಹೇಳಲಿಕ್ಕೆ ಈಗ ಫೋನ್ ಮಾಡಿದಾಗ ನೀನು ಸ್ನಾನಕ್ಕೆ ಹೋಗಿದ್ದಿ, ಅಶ್ಮಿತಾ ಸಿಕ್ಕಿದಳು. ಸುಮ್ಮನೆ ಮಾತಿಗೆ, ಆ ಶಾಲೆಯ ಅಜ್ಜ ಬಂದಾಗ ಬೆಲ್ಲ ನೀರು ಕೊಟ್ಟದ್ದು ನೀನಾ ಅಂತ ಕೇಳಿದೆ. 'ಕೊಟ್ಟೆ, ಅವರು ಮುಟ್ಟಲಿಲ್ಲ. ಅಪ್ಪ ಮರ ಹತ್ತಿ ಬೊಂಡ ಕೊಯ್ದದ್ದು, ಅವರ ಡ್ರೈವರ್ ಕೆತ್ತಿ ಕೊಟ್ಟದ್ದು, ಅದನ್ನು ಕುಡಿದರು. ಬೆಲ್ಲ ಅಜ್ಜಿ ನನಗೆ ಕೊಟ್ಟರು' ಅಂದಳು. ಕುಡಿದು ಹೋದರು ಅಂತ ಮಾತ್ರ ನೀನು ನನಗೆ ಹೇಳಿದ್ದು. ಏನು ಕುಡಿದರು ಅಂತ ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ನಿನ್ನ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ ಅಮ್ಮಾ, ಅಷ್ಟಾದರೂ ಆಯಿತಲ್ಲ ಅಂತ ನೀನು ಸಂತೋಷಪಟ್ಟದ್ದು ನೆನೆದರೆ ಎದೆ ಉರಿಯುತ್ತದೆ. ಸಹಿ ಹಾಕು, ಹಾಕಬೇಡ ಅಂತ ಇನ್ನು ನಾನು ಹೇಳುವುದಿಲ್ಲ. ನಾಳಿದ್ದು ಅವರು ಬಂದಾಗ ಒಂದು ಮಾತ್ರ ಮಾಡು. ಅವರನ್ನು ಕುರ್ಚಿಯಲ್ಲಿ ಕೂರಿಸು, ಬೆಲ್ಲ ನೀರು ಮುಂದೆ ಇಡು, ನೀನೂ ಎದುರು ಕೂತುಕೋ. ಸುಮಿತ್‌ನನ್ನು ಮರ ಹತ್ತಲಿಕ್ಕೆ ಬಿಡಬೇಡ.